ಹಣ್ಣು–ಓಟ್ಸ್ ಬಿಸ್ಕತ್ತು ಕೆಟ್ಟರೆ ಎಲ್ಲಿ ನೋಡಬೇಕು: ದೋಷ ನಿವಾರಣೆ ಕೈಪಿಡಿ

ಕಳೆದ ವರ್ಷದ ಜುಲೈನಲ್ಲಿ ಒಂದೇ ವಾರದೊಳಗೆ ನನಗೆ ಎರಡು ದೂರುಗಳು ಬಂದವು. ಪುಣೆಯ ಕೋಥ್ರೂಡಿನಲ್ಲಿರುವ ನಾದಿನಿ ಫೋನು ಮಾಡಿ, "ಅತ್ತಿಗೆ, ನೀವು ಬರೆದುಕೊಟ್ಟ ಬಾಳೆಹಣ್ಣಿನ ಬಿಸ್ಕತ್ತು ಕೈಯಲ್ಲಿ ಹಿಡಿದರೆ ಉದುರುತ್ತಿದೆ" ಎಂದಳು. ಮಡಗಾಂವ್‌ನಲ್ಲಿರುವ ತಂಗಿ, "ಅಕ್ಕಾ, ಅದೇ ಬಿಸ್ಕತ್ತು ನಮ್ಮಲ್ಲಿ ಹಲ್ವದ ಹಾಗೆ ಆಗಿದೆ" ಎಂದಳು. ಇಬ್ಬರ ಕೈಯಲ್ಲಿದ್ದುದೂ ನಾನು ಬರೆದ ಒಂದೇ ಚೀಟಿ. ಅದರಲ್ಲಿ 'ಬಾಳೆಹಣ್ಣು 2' ಎಂದಷ್ಟೇ ಇತ್ತು. ನಾದಿನಿ ಎರಡು ಏಲಕ್ಕಿ ಬಾಳೆ ಹಾಕಿದ್ದಳು. ತಂಗಿ ಗೋವೆಯ ಮೊಯ್ರಾ ಊರಿನ ದೊಡ್ಡ ಬಾಳೆ ಎರಡು ಹಾಕಿದ್ದಳು. ಆ ಚೀಟಿಯನ್ನು ಅಂದೇ ತಿದ್ದಿದೆ. ಹಣ್ಣಿನ ಬಿಸ್ಕತ್ತಿನಲ್ಲಿ ಕಾಣುವ ದೋಷಗಳಲ್ಲಿ ಹೆಚ್ಚಿನವು ನೀರಿನ ಲೆಕ್ಕ ತಪ್ಪಿದ್ದರಿಂದ ಬರುತ್ತವೆ, ಮತ್ತು ಆ ನೀರು ಬಹುಪಾಲು ಬರುವುದು ನಾವು ತೂಗದೆ ಹಾಕುವ ಹಣ್ಣಿನಿಂದ.

ಮುಂಬಯಿಯಲ್ಲಿ ಈ ತಪ್ಪು ಇನ್ನೂ ಸುಲಭವಾಗಿ ಆಗುತ್ತದೆ. ನಮ್ಮ ಊರುಗಳಲ್ಲಿ ಬಾಳೆಹಣ್ಣನ್ನು ಕಿಲೋ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ. ಇಲ್ಲಿನ ಗಾಡಿಗಳಲ್ಲಿ ಡಜನ್ ಲೆಕ್ಕ. ಆದ್ದರಿಂದ ಇಲ್ಲಿ ವರ್ಷಗಟ್ಟಲೆ ಇದ್ದವರಿಗೆ ಹಣ್ಣಿನ ತೂಕದ ಅಂದಾಜೇ ತಪ್ಪಿಹೋಗಿರುತ್ತದೆ. ನನ್ನ ಅಡುಗೆಮನೆಯ ತಕ್ಕಡಿಯಲ್ಲಿ ಪಚ್ಚಬಾಳೆಯ ತಿರುಳು ನೂರರಿಂದ ನೂರಿಪ್ಪತ್ತು ಗ್ರಾಂ ತೂಗಿದರೆ ಏಲಕ್ಕಿ ಬಾಳೆಯದು ನಲವತ್ತರಿಂದ ಐವತ್ತು ಗ್ರಾಂ ಮಾತ್ರ.

ಮುಂದೆ ಹೇಳುವುದೆಲ್ಲ ಈ ಅಳತೆಯನ್ನು ಆಧರಿಸಿದೆ. ಸಿಪ್ಪೆ ತೆಗೆದ ಮೇಲೆ ತೂಗಿದ ಮಾಗಿದ ಬಾಳೆಹಣ್ಣು 200 ಗ್ರಾಂ. ಓಟ್ಸ್ 150 ಗ್ರಾಂ, ಅದರಲ್ಲಿ 50 ಗ್ರಾಂ ಮಿಕ್ಸಿಯಲ್ಲಿ ಪುಡಿ ಮಾಡಿದ್ದು. ಹುರಿದ ಶೇಂಗಾ ಪುಡಿ 40 ಗ್ರಾಂ. ಕೊಬ್ಬರಿ ಎಣ್ಣೆ 20 ಗ್ರಾಂ. ಎರಡು ಏಲಕ್ಕಿ ಮತ್ತು ಚಿಟಿಕೆ ಉಪ್ಪು. ಇವನ್ನು ಕಲಸಿ 20 ನಿಮಿಷ ಮುಚ್ಚಿಟ್ಟು, 30 ಗ್ರಾಂನ ಉಂಡೆಗಳನ್ನು ಮಾಡಿ, ಒಂದು ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ, ಮೊದಲೇ ಕಾಯಿಸಿದ ಓಟಿಜಿಯಲ್ಲಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಸೇರಿದ ಮನೆಬಳಕೆಯ ಕರೆಂಟ್ ಒಲೆ) 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 22ರಿಂದ 25 ನಿಮಿಷ ಬೇಯಿಸಿದರೆ ಹದಿಮೂರು ಬಿಸ್ಕತ್ತು ಆಗುತ್ತವೆ. ಹಾಲು, ಬೆಣ್ಣೆ, ಮೊಟ್ಟೆ, ಮೈದಾ, ಸಕ್ಕರೆ ಯಾವುದೂ ಇದರಲ್ಲಿ ಇಲ್ಲ. ಸಕ್ಕರೆ ಮತ್ತು ಬೆಣ್ಣೆ ಇಲ್ಲದ ಬಿಸ್ಕತ್ತು ಅಂಗಡಿಯ ಬಿಸ್ಕತ್ತಿನಂತೆ ಟಪ್ಪೆಂದು ಮುರಿಯುವುದಿಲ್ಲ. ಅಂಚು ಸ್ವಲ್ಪ ಗಟ್ಟಿ, ನಡುವೆ ಮೆತ್ತಗೆ ಇರುವುದು ಇದರ ಸ್ವಭಾವ. ಅದನ್ನು ದೋಷವೆಂದು ತಿಳಿದು ತಿದ್ದಲು ಹೊರಟರೆ ಚೆನ್ನಾಗಿದ್ದ ಹದವೂ ಕೆಡುತ್ತದೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ಹಣ್ಣನ್ನೂ ಕಡಿಮೆ ಮಾಡಿ, ಶಾಖವನ್ನೂ ಏರಿಸಿ, ಓಟ್ಸನ್ನೂ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂಬುದು ಎಂದಿಗೂ ತಿಳಿಯುವುದಿಲ್ಲ.

ಮೇಲೆ ಬೆಂದಂತೆ ಕಾಣುತ್ತದೆ, ಮುರಿದರೆ ಒಳಗೆ ಹಸಿಹಸಿ, ಅಂಟು

ಮೊದಲು ಅರ್ಧ ಗಂಟೆ ಕಾಯಿರಿ. ಓಟ್ಸಿನ ಪಿಷ್ಟ ತಣಿಯುತ್ತಾ ಗಟ್ಟಿಯಾಗುವುದರಿಂದ ಬಿಸಿಯಿರುವಾಗ ಮುರಿದ ಯಾವ ಹಣ್ಣಿನ ಬಿಸ್ಕತ್ತೂ ಹಸಿಯಾಗಿಯೇ ಕಾಣುತ್ತದೆ. ಟ್ರೇಯ ಮೇಲೆಯೇ ಬಿಟ್ಟರೆ ಅಡಿಯಲ್ಲಿ ಬೆವರುತ್ತದೆ, ಆದ್ದರಿಂದ ಐದು ನಿಮಿಷದ ನಂತರ ಜಾಲರಿಯ ಮೇಲೆ ತೆಗೆದಿಡಿ.

ತಣಿದ ಮೇಲೂ ಅಂಟಾಗಿದ್ದರೆ ಒಂದು ಬಿಸ್ಕತ್ತನ್ನು ತೂಗಿ. 30 ಗ್ರಾಂನ ಉಂಡೆ ಬೆಂದು ತಣಿದಾಗ ನಮ್ಮಲ್ಲಿ 25 ಗ್ರಾಂ ಆಸುಪಾಸಿಗೆ ಇಳಿಯುತ್ತದೆ, ಕಳೆದ ಐದು ಗ್ರಾಂ ಆವಿಯಾಗಿ ಹೋದ ನೀರು. ತೂಕ 27–28ರಲ್ಲೇ ನಿಂತಿದ್ದರೆ ಬೇಯುವುದು ಸಾಲಲಿಲ್ಲ ಎಂದರ್ಥ. 25ಕ್ಕೆ ಇಳಿದಿದ್ದೂ ಅಂಟಾಗಿದ್ದರೆ ಮಿಶ್ರಣದಲ್ಲೇ ಹಣ್ಣು ಹೆಚ್ಚಾಗಿತ್ತು. ಈ ಒಂದು ತೂಕ ನಿಮ್ಮ ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ. ನಾನು ಇದನ್ನು ಕಲಿಯುವ ಮೊದಲು ಎಷ್ಟೋ ಸಲ ಸುಮ್ಮನೆ ಶಾಖವನ್ನು ಏರಿಸಿ ಅಂಚುಗಳನ್ನು ಕರಕಲು ಮಾಡಿದ್ದೇನೆ.

ಬೇಯುವುದು ಸಾಲದಿದ್ದರೆ ಇರುವ ಬಿಸ್ಕತ್ತುಗಳನ್ನು 150 ಡಿಗ್ರಿಯಲ್ಲಿ ಮತ್ತೆ ಎಂಟು ಹತ್ತು ನಿಮಿಷ ಇಟ್ಟರೆ ಉಳಿಯುತ್ತವೆ. ಮುಂದಿನ ಸಲ ದಪ್ಪವನ್ನು ಅಳೆಯಿರಿ. ಒಂದೂವರೆ ಸೆಂಟಿಮೀಟರ್ ಇದ್ದ ಬಿಸ್ಕತ್ತಿನ ನಡುಭಾಗ 25 ನಿಮಿಷದಲ್ಲಿ ಒಣಗುವುದಿಲ್ಲ. ಚಿಕ್ಕ ಓಟಿಜಿಯಲ್ಲಿ ಹದಿಮೂರನ್ನೂ ಒತ್ತೊತ್ತಾಗಿ ಇಟ್ಟರೆ ಆವಿ ಹೊರಹೋಗಲು ದಾರಿಯಿಲ್ಲದೆ ಬಿಸ್ಕತ್ತು ಒಣ ಶಾಖದಲ್ಲಿ ಬೇಯುವ ಬದಲು ಹಬೆಯಲ್ಲಿ ಬೆಂದಂತಾಗುತ್ತದೆ.

ಮಿಶ್ರಣದ ತಪ್ಪಾದರೆ ಹಣ್ಣನ್ನು ನೋಡಿ. ಬಾಳೆ ಮಾಗುತ್ತಾ ಹೋದಂತೆ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆಗಳು ತುಂಬಿದ, ತೊಟ್ಟಿನ ಬಳಿಯೂ ಹಸಿರಿಲ್ಲದ ಹಣ್ಣು ಸಿಹಿಗೆ ಸರಿ, ಆದರೆ ಅದು ಕಲಸುವಾಗ ಹೆಚ್ಚು ನೀರಾಗುತ್ತದೆ. ಅಂಥ ಹಣ್ಣಿಗೆ ಒಂದೆರಡು ಚಮಚ ಓಟ್ಸ್ ಪುಡಿ ಹೆಚ್ಚು ಬೇಕು. ಸಿಪ್ಪೆಯ ಬಣ್ಣವನ್ನು ಮಾತ್ರ ನಂಬಬೇಡಿ. ಫ್ರಿಜ್ಜಿನಲ್ಲಿಟ್ಟ ಬಾಳೆಯ ಸಿಪ್ಪೆ ತಣ್ಣಗಿನ ಗಾಳಿಗೆ ಕಪ್ಪಾಗುತ್ತದೆಯೇ ಹೊರತು ಒಳಗಿನ ಹಣ್ಣು ಮಾಗಿರುವುದಿಲ್ಲ. ಹಳದಿ ಸಿಪ್ಪೆಯೊಳಗೆ ಗಟ್ಟಿಯಾದ, ಸಪ್ಪೆಯಾದ ಹಣ್ಣೂ ಮಾರುಕಟ್ಟೆಯಲ್ಲಿ ಸಿಗುತ್ತದೆ. ಅದನ್ನು ಹಾಕಿದರೆ ಬಿಸ್ಕತ್ತು ಹಿಟ್ಟು ಹಿಟ್ಟಾಗಿ ಬರುತ್ತದೆ. ಎರಡು ದಿನ ಕಾಗದದ ಚೀಲದಲ್ಲಿ ಬಿಟ್ಟು, ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ ಬಳಸಿ.

ಓಟ್ಸಿನ ಬಗೆಯೂ ಲೆಕ್ಕಕ್ಕೆ ಬರುತ್ತದೆ. ಪೊಟ್ಟಣದ ಮೇಲೆ ಎರಡು ಮೂರು ನಿಮಿಷದಲ್ಲಿ ಬೇಯುತ್ತದೆ ಎಂದಿದ್ದರೆ ಅದು ತೆಳುವಾದ ಅವಲಕ್ಕಿಯಂಥದು, ಬೇಗ ನೀರು ಹೀರುತ್ತದೆ, ಬೇಗ ಅಂಟಾಗುತ್ತದೆ. ದಪ್ಪ ಹಾಳೆಯ ಓಟ್ಸಿಗೆ 20 ನಿಮಿಷ ನೆನೆಯುವ ಸಮಯ ಕೊಡಲೇಬೇಕು. ನುಚ್ಚಿನಂತೆ ಕತ್ತರಿಸಿದ ಓಟ್ಸ್ ಈ ಬಿಸ್ಕತ್ತಿಗೆ ಹೊಂದುವುದೇ ಇಲ್ಲ, ಹಲ್ಲಿಗೆ ಕಲ್ಲಿನಂತೆ ಸಿಗುತ್ತದೆ.

ಏಪ್ರಿಲ್–ಮೇ ತಿಂಗಳಲ್ಲಿ ಆಪೂಸ್ ಮಾವು ಹಾಕುವವರು ತಿರುಳನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಮುಕ್ಕಾಲು ಭಾಗಕ್ಕೆ ಇಳಿಸಿ, ತಣಿಸಿ, ಆಮೇಲೆ 200 ಗ್ರಾಂ ತೂಗಬೇಕು. ನೇರವಾಗಿ ಹಾಕಿದ ಮಾವಿನ ರಸ ಎಷ್ಟು ಓಟ್ಸ್ ಸುರಿದರೂ ಹದಕ್ಕೆ ಬರುವುದಿಲ್ಲ. ಡಹಾಣೂ ಕಡೆಯ ಘೋಲ್ವಡದ ಚಿಕ್ಕು ಬಾಳೆಯಷ್ಟೇ ದಪ್ಪ ತಿರುಳಿನದು, ನನಗೆ ಬಹಳ ಇಷ್ಟದ್ದು, ಬಾಳೆಯ ಬದಲು ಅದೇ ತೂಕದಲ್ಲಿ ಹಾಕಬಹುದು.

ಕಲಸಿದ ಮಿಶ್ರಣವನ್ನು ಮುಂಬಯಿಯ ಸೆಕೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಹುಳಿ ವಾಸನೆ ಬಂದಿದ್ದರೆ, ಗುಳ್ಳೆ ಎದ್ದಿದ್ದರೆ ಬೇಯಿಸಿ ಉಳಿಸಲು ನೋಡದೆ ಚೆಲ್ಲಿಬಿಡಿ.

ಬೆಂದ ದಿನ ಚೆನ್ನಾಗಿತ್ತು, ಮರುದಿನ ಬೆಳಿಗ್ಗೆ ಮೆತ್ತಗಾಗಿದೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಕೇಳಿಬರುವ ದೂರು ಇದೇ. ಹಪ್ಪಳವೇ ಬಗ್ಗುವ ಗಾಳಿಯಲ್ಲಿ ಬಿಸ್ಕತ್ತು ಮೆತ್ತಗಾಗುವುದು ಸಹಜವೆಂದು ಎಲ್ಲರೂ ಗಾಳಿಯನ್ನು ದೂರುತ್ತಾರೆ, ಆದರೆ ಎಷ್ಟೋ ಸಲ ತೇವ ಬಿಸ್ಕತ್ತಿನ ಹೊಟ್ಟೆಯೊಳಗಿನಿಂದಲೇ ಬಂದಿರುತ್ತದೆ. ನಡುವಿನ ನೀರು ರಾತ್ರಿಯಿಡೀ ಒಣಗಿದ ಅಂಚಿನತ್ತ ಸರಿಯುತ್ತದೆ.

ಯಾವುದೆಂದು ತಿಳಿಯಲು ಕಾಸು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಪೂರ್ತಿ ತಣಿದ ಎರಡು ಬಿಸ್ಕತ್ತು ತೆಗೆದುಕೊಂಡು ಒಂದನ್ನು ಬಿಗಿ ಮುಚ್ಚಳದ ಒಣ ಸ್ಟೀಲ್ ಡಬ್ಬಿಯಲ್ಲಿ, ಇನ್ನೊಂದನ್ನು ತಟ್ಟೆಯ ಮೇಲೆ ತೆರೆದಿಡಿ. ಬೆಳಿಗ್ಗೆ ತಟ್ಟೆಯದು ಮಾತ್ರ ಮೆತ್ತಗಾಗಿದ್ದರೆ ಗಾಳಿಯ ತೇವ ಕಾರಣ. ಡಬ್ಬಿಯನ್ನು ಬದಲಿಸಿದರೆ ಸಾಕು. ಎರಡೂ ಮೆತ್ತಗಾಗಿದ್ದರೆ ಒಳಗಿನ ನೀರು ಕಾರಣ, ಬೇಯಿಸುವ ಕ್ರಮವನ್ನೇ ತಿದ್ದಬೇಕು. ಮುಚ್ಚಳದ ಒಳಬದಿಯಲ್ಲಿ ಹನಿ ಕಂಡರೆ ಬಿಸಿಯಿರುವಾಗಲೇ ತುಂಬಿದ್ದೀರಿ.

ಒಳಗಿನ ನೀರಿಗೆ ಮದ್ದು ಎರಡನೆಯ ಬೇಯಿಸುವಿಕೆ. ತಣಿದ ಬಿಸ್ಕತ್ತುಗಳನ್ನು ಮಗುಚಿ ಹಾಕಿ 120 ಡಿಗ್ರಿಯಲ್ಲಿ 15ರಿಂದ 20 ನಿಮಿಷ ಇಟ್ಟರೆ ತೂಕ 22 ಗ್ರಾಂ ಹತ್ತಿರಕ್ಕೆ ಇಳಿದು ಟೋಸ್ಟಿನ ಹದ ಬರುತ್ತದೆ. ಮಳೆಗಾಲದಲ್ಲಿ ನಾನು ಇದನ್ನು ತಪ್ಪಿಸುವುದಿಲ್ಲ. ಪುಣೆಯಲ್ಲಿ ಬೇಸಿಗೆಯ ಗಾಳಿ ಒಣಗಿರುವುದರಿಂದ ಅಲ್ಲಿ ಇದು ಬೇಡ, ಮಾಡಿದರೆ ಗಟ್ಟಿಯಾಗುತ್ತದೆ.

ಒಮ್ಮೆ ಮಾತ್ರ ಬೇಯಿಸಿದ ಮೆತ್ತನೆಯ ಬಿಸ್ಕತ್ತನ್ನು ಮಳೆಗಾಲದಲ್ಲಿ ಒಂದು ದಿನಕ್ಕಿಂತ ಹೆಚ್ಚು ಹೊರಗಿಡುವುದು ಕ್ಷೇಮವಲ್ಲ. ಫ್ರಿಜ್ಜಿನಲ್ಲಿ ನಾಲ್ಕೈದು ದಿನ, ಫ್ರೀಜರ್‌ನಲ್ಲಿ ತಿಂಗಳಿಗೂ ಮೇಲೆ ಇಡಬಹುದು. ಒಂದೇ ಒಂದು ಬಿಸ್ಕತ್ತಿನ ಮೇಲೆ ಬಿಳಿ ಅಥವಾ ಹಸಿರು ಬೂಸ್ಟು ಕಂಡರೂ ಇಡೀ ಡಬ್ಬಿಯನ್ನು ಎಸೆಯಿರಿ. ಮೆತ್ತನೆಯ ತಿಂಡಿಯಲ್ಲಿ ಬೂಸ್ಟಿನ ಎಳೆಗಳು ಕಣ್ಣಿಗೆ ಕಾಣುವುದಕ್ಕಿಂತ ಆಳಕ್ಕೆ ಇಳಿದಿರುತ್ತವೆ. ಕೆರೆದು ತಿನ್ನುವುದು ಮತ್ತು ಮೂಸಿ ನೋಡುವುದು ಎರಡೂ ಬೇಡ.

ತಳ ಕರಕಲಾಗಿದೆ, ಮೇಲ್ಭಾಗ ಬಿಳಿಚಿಕೊಂಡಿದೆ

ಓಟಿಜಿಯ ಗುಂಡಿಯನ್ನು ಮೊದಲು ನೋಡಿ. ಕೆಳಗಿನ ಕಾಯಿಲ್ ಮಾತ್ರ ಹೊತ್ತಿಕೊಂಡಿದ್ದರೆ ಇದೇ ಆಗುವುದು. ಮೇಲೆ ಕೆಳಗೆ ಎರಡೂ ಕಾಯುವ ಗುರುತಿಗೆ ತಿರುಗಿಸಿ, ಟ್ರೇಯನ್ನು ನಡುವಿನ ಹಂತಕ್ಕೆ ಏರಿಸಿ. ಕಪ್ಪು ಟ್ರೇ ಹೊಳೆಯುವ ಅಲ್ಯೂಮಿನಿಯಂ ಟ್ರೇಗಿಂತ ಹೆಚ್ಚು ಶಾಖ ಹೀರುತ್ತದೆ. ಬೇರೆ ಟ್ರೇ ಇಲ್ಲದಿದ್ದರೆ ಒಂದರೊಳಗೊಂದು ಎರಡು ಟ್ರೇ ಜೋಡಿಸಿದರೂ ತಳ ಉಳಿಯುತ್ತದೆ.

ಒಂದು ಕಡೆ ಮಾತ್ರ ಕರಕಲಾಗುತ್ತಿದ್ದರೆ ಬ್ರೆಡ್ಡಿನ ತುಂಡುಗಳನ್ನು ಟ್ರೇಯ ತುಂಬ ಜೋಡಿಸಿ 175 ಡಿಗ್ರಿಯಲ್ಲಿ ಹತ್ತು ನಿಮಿಷ ಇಡಿ. ಯಾವ ಮೂಲೆಯ ತುಂಡು ಮೊದಲು ಕೆಂಪಾಗುತ್ತದೋ ಅಲ್ಲಿ ಶಾಖ ಹೆಚ್ಚು. ನಮ್ಮ ಮನೆಯ ಓಟಿಜಿಯಲ್ಲಿ ಹಿಂದಿನ ಎಡಮೂಲೆ ಹಾಗಿದೆ, ಆದ್ದರಿಂದ ಹನ್ನೆರಡನೆಯ ನಿಮಿಷಕ್ಕೆ ಟ್ರೇಯನ್ನು ತಿರುಗಿಸುತ್ತೇನೆ. ಇಷ್ಟಾದರೂ ಸರಿಹೋಗದಿದ್ದರೆ ಓವನ್ನಿನೊಳಗೆ ಇಡುವ ಉಷ್ಣಮಾಪಕವೊಂದನ್ನು ಕೊಳ್ಳುವುದು ಒಳ್ಳೆಯದು. ಮನೆಯ ಓಟಿಜಿಗಳಲ್ಲಿ ಗುಂಡಿ ತೋರಿಸುವ ಅಂಕಿಗೂ ಒಳಗಿನ ಶಾಖಕ್ಕೂ ಹತ್ತಿಪ್ಪತ್ತು ಡಿಗ್ರಿ ವ್ಯತ್ಯಾಸ ಇರುವುದು ಅಪರೂಪವಲ್ಲ.

ಕನ್ವೆಕ್ಷನ್ ಮೈಕ್ರೋವೇವ್ ಇದ್ದವರು ಕನ್ವೆಕ್ಷನ್ ಗುಂಡಿಯನ್ನೇ ಒತ್ತಿದ್ದೀರಾ ಎಂದು ಖಚಿತಪಡಿಸಿಕೊಳ್ಳಿ. ಮೈಕ್ರೋವೇವ್ ಗುಂಡಿಯಲ್ಲಿ ಬಿಸ್ಕತ್ತು ಅಲ್ಲಲ್ಲಿ ಕಲ್ಲಾಗಿ ಅಲ್ಲಲ್ಲಿ ಹಸಿಯಾಗಿ ಉಳಿಯುತ್ತದೆ, ಲೋಹದ ಟ್ರೇ ಇಟ್ಟಿದ್ದರೆ ಕಿಡಿ ಹಾರುವ ಅಪಾಯವೂ ಇದೆ. ಓವನ್ ಇಲ್ಲದವರು ಪ್ರೆಶರ್ ಕುಕ್ಕರ್‌ನಲ್ಲಿ ಉಪ್ಪು ಹಾಕಿ ಬೇಯಿಸುವ ರೂಢಿಯಿದೆ. ನೀರಿಲ್ಲದೆ ಕಾಯಿಸಿದ ಕುಕ್ಕರ್‌ನ ಲೋಹವೂ ಸೇಫ್ಟಿ ವಾಲ್ವೂ ಹಾಳಾಗುತ್ತವೆ, ಮರುದಿನ ಅದೇ ಕುಕ್ಕರ್‌ನಲ್ಲಿ ಬೇಳೆ ಬೇಯಿಸುವವರು ನಾವೇ. ಅದರ ಬದಲು ದಪ್ಪನೆಯ ಕಬ್ಬಿಣದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಿ, ಎರಡೂ ಬದಿ ಹತ್ತು ಹತ್ತು ನಿಮಿಷ ಬೇಯಿಸಿ.

ಬಿಸ್ಕತ್ತು ಕಾಗದಕ್ಕೆ ಕಚ್ಚಿಕೊಂಡು ಬಿಡದಿದ್ದರೆ ಬೇಕಿಂಗ್ ಪೇಪರ್ ಬದಲು ತಿಂಡಿ ಸುತ್ತುವ ತೆಳು ಬಟರ್ ಪೇಪರ್ ಹಾಕಿರುತ್ತೀರಿ. ಮೇಣದ ಕಾಗದವಂತೂ ಓವನ್ನಿನಲ್ಲಿ ಹೊಗೆಯಾಡುತ್ತದೆ. ಕಾಗದ ಅಥವಾ ಎಣ್ಣೆ ಹೊತ್ತಿಕೊಂಡರೆ ಬಾಗಿಲು ತೆರೆಯದೆ ಸ್ವಿಚ್ ಆರಿಸಿ, ಉರಿ ತಾನಾಗಿ ನಂದುವವರೆಗೆ ಬಿಡಿ; ನೀರು ಎರಚಲೇಬೇಡಿ.

ಕೈಗೆತ್ತಿಕೊಂಡರೆ ಉದುರುತ್ತದೆ, ಅಥವಾ ಕಲ್ಲಿನಂತೆ ಗಟ್ಟಿ

ಮೊಟ್ಟೆಯಿಲ್ಲದ ಈ ಬಿಸ್ಕತ್ತನ್ನು ಹಿಡಿದಿಡುವುದು ಹಣ್ಣಿನ ತಿರುಳು ಮತ್ತು ನೆನೆದ ಓಟ್ಸಿನ ಲೋಳೆ. ನಾದಿನಿಯ ಬಿಸ್ಕತ್ತು ಉದುರಿದ್ದು ಹಣ್ಣು ಅರ್ಧದಷ್ಟೂ ಇಲ್ಲದ್ದರಿಂದ. ಮುಷ್ಟಿಯಲ್ಲಿ ಹಿಡಿದು ಒತ್ತಿದ ಮಿಶ್ರಣ ಬಿರುಕಿಲ್ಲದೆ ಉಂಡೆಯಾಗಬೇಕು. ಬಿರುಕು ಬಿಟ್ಟರೆ ಒಂದೊಂದೇ ಚಮಚ ಹಣ್ಣು ಸೇರಿಸಿ. ಹಣ್ಣು ಮುಗಿದಿದ್ದರೆ ಒಂದು ಚಮಚ ಅಗಸೆ ಬೀಜದ ಪುಡಿಯನ್ನು ಮೂರು ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಸಿಗುವ ಲೋಳೆ ಒಳ್ಳೆಯ ಬಂಧಕ. ಇಡೀ ಗೋಡಂಬಿ, ದೊಡ್ಡ ಖರ್ಜೂರದ ತುಂಡುಗಳ ಸುತ್ತ ಬಿರುಕು ಬಿಡುವುದೂ ಉಂಟು. ಅವನ್ನು ಸಣ್ಣಗೆ ಹೆಚ್ಚಿ, ಪುಟ್ಟ ಮಕ್ಕಳಿಗೆ ಗಂಟಲಿಗೆ ಸಿಕ್ಕಿಕೊಳ್ಳದಂತೆ ಪುಡಿಯನ್ನೇ ಹಾಕಿ.

ಪುಣೆಯ ಚಳಿಗಾಲದಲ್ಲಿ ಇನ್ನೊಂದು ಕಾರಣವಿದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಫ್ರಿಜ್ಜಿನಿಂದ ತೆಗೆದ ಹಣ್ಣಿಗೆ ಅದನ್ನು ಹಾಕಿದರೆ ಬಿಳಿ ಕಾಳುಗಳಾಗಿ ನಿಂತು, ಬೇಯುವಾಗ ಕರಗಿ ಟ್ರೇಗೆ ಹರಿದು, ಬಿಸ್ಕತ್ತನ್ನು ಪೊಳ್ಳು ಮಾಡುತ್ತದೆ. ಹಣ್ಣನ್ನು ಮೊದಲೇ ಹೊರಗಿಟ್ಟು, ಎಣ್ಣೆಯನ್ನು ಬೆಚ್ಚಗೆ ಮಾಡಿ ಕಲಸಿ.

ಕಲ್ಲಿನಂತೆ ಗಟ್ಟಿಯಾಗಿದ್ದರೆ ಎಣ್ಣೆ ಮತ್ತು ಶೇಂಗಾವನ್ನು ಬಿಟ್ಟಿದ್ದೀರಾ ನೋಡಿ. ಆರೋಗ್ಯದ ಹೆಸರಿನಲ್ಲಿ ಕೊಬ್ಬನ್ನು ಪೂರ್ತಿ ತೆಗೆದರೆ ಓಟ್ಸಿನ ಲೋಳೆಯೊಂದೇ ಉಳಿದು ಬಿಸ್ಕತ್ತು ರಬ್ಬರಿನಂತೆ ಎಳೆಯುತ್ತದೆ, ಆರಿದ ಮೇಲೆ ಗಟ್ಟಿಯಾಗುತ್ತದೆ. ನಾದುವುದೂ ಇದೇ ತೊಂದರೆ ಕೊಡುತ್ತದೆ. ಇದು ಚಪಾತಿ ಹಿಟ್ಟಲ್ಲ, ಚಮಚದಲ್ಲಿ ಹದವಾಗಿ ಬೆರೆಸಿದರೆ ಸಾಕು.

ಕಹಿ, ಸಾಬೂನಿನ ರುಚಿ, ಒಗರು. ಒಳಗೆ ಹಸಿರು ಬಣ್ಣ

ಸಾಬೂನಿನ ರುಚಿ ಬಂದು ಬಣ್ಣವೂ ಕಂದಾಗಿದ್ದರೆ ಅಡುಗೆ ಸೋಡ ಹೆಚ್ಚಾಗಿದೆ. ಬಾಳೆಯ ಹುಳಿ ಅಲ್ಪ. ಅದು ತೀರಿಸಲಾರದ ಸೋಡ ಹಾಗೆಯೇ ಉಳಿಯುತ್ತದೆ. ಮೇಲಿನ ಅಳತೆಗೆ ಕಾಲು ಚಮಚಕ್ಕಿಂತ ಹೆಚ್ಚು ಬೇಡ, ನಿಜಕ್ಕೂ ಸೋಡ ಇಲ್ಲದೆಯೂ ಈ ಬಿಸ್ಕತ್ತು ಆಗುತ್ತದೆ. ಬಾಯಿ ಕಟ್ಟುವ ಒಗರು ಬಂದರೆ ಚಿಕ್ಕು ಅರೆಗಾಯಿಯಾಗಿತ್ತು. ಇದಕ್ಕೆ ಬೇಯಿಸಿದ ಮೇಲೆ ಪರಿಹಾರವಿಲ್ಲ. ಹಳೆಯ ಎಣ್ಣೆಯಂಥ ಕಮಟು ವಾಸನೆಯಿದ್ದರೆ ಅಕ್ರೋಟು, ಅಗಸೆ ಪುಡಿ, ಶೇಂಗಾ, ಓಟ್ಸ್ ಇವುಗಳಲ್ಲಿ ಯಾವುದೋ ಸೆಕೆಗೆ ಕೆಟ್ಟಿದೆ. ಒಂದೊಂದನ್ನೂ ಬಾಯಿಗೆ ಹಾಕಿ ನೋಡಿ, ಕಮಟಾದುದನ್ನು ಎಸೆದು, ಉಳಿದವನ್ನು ಫ್ರಿಜ್ಜಿನಲ್ಲಿಡಿ. ಶೇಂಗಾದಲ್ಲಿ ಬೂಸ್ಟು ಹಿಡಿದ, ಮುದುಡಿದ, ಬಣ್ಣಗೆಟ್ಟ ಕಾಳುಗಳಿದ್ದರೆ ರುಚಿ ನೋಡಲೂ ಹೋಗಬೇಡಿ. ಅಂಥ ಕಾಳಿನಲ್ಲಿ ಯಕೃತ್ತಿಗೆ ಹಾನಿ ಮಾಡುವ ಅಫ್ಲಾಟಾಕ್ಸಿನ್ ಇರಬಹುದು ಮತ್ತು ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

ಸೂರ್ಯಕಾಂತಿ ಬೀಜ ಹಾಕಿದ ಬಿಸ್ಕತ್ತು ತಣಿದ ಮೇಲೆ ಒಳಗೆ ಹಸಿರಾಗಿದ್ದರೆ ಗಾಬರಿ ಬೇಡ. ಆ ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲ ಸೋಡದೊಂದಿಗೆ ಸೇರಿ ಆ ಬಣ್ಣ ತರುತ್ತದೆ, ತಿನ್ನಲು ಅಡ್ಡಿಯಿಲ್ಲ. ಬೀಜದ ಸುತ್ತ, ಒಳಗಡೆ, ಮೊದಲ ದಿನವೇ ಕಂಡ ಹಸಿರು ಇದು. ದಿನ ಕಳೆದ ಮೇಲೆ ಮೇಲ್ಮೈಯಲ್ಲಿ ನವಿರಾದ ನೂಲಿನಂತೆ ಎದ್ದ ಹಸಿರು ಬೂಸ್ಟು.

ಓಟಿಜಿ ಹಾಕಿದ ಕೂಡಲೇ ಕರೆಂಟು ಹೋಗುತ್ತದೆ, ಪ್ಲಗ್ಗು ಬಿಸಿಯಾಗುತ್ತದೆ

ಓಟಿಜಿಯ ಹಿಂಬದಿಯ ಪಟ್ಟಿಯಲ್ಲಿ ಎಷ್ಟು ವಾಟ್ ಎಂದಿದೆ ಓದಿ. ಆರು ಆಂಪಿಯರ್ ಸಾಕೆಟ್ ನಮ್ಮ 230 ವೋಲ್ಟಿನಲ್ಲಿ ತಡೆಯುವುದು ಸುಮಾರು 1380 ವಾಟ್. ಅದಕ್ಕಿಂತ ಹೆಚ್ಚಿನದಕ್ಕೆ 16 ಆಂಪಿಯರ್‌ನ ದೊಡ್ಡ ಸಾಕೆಟ್ಟೇ ಬೇಕು. ಎಕ್ಸ್‌ಟೆನ್ಷನ್ ಬೋರ್ಡು ಬೇಡ. ಮಳೆಗಾಲವಿಡೀ ಬಳಸದೆ ಇಟ್ಟ ಓಟಿಜಿಯ ಕಾಯಿಲ್‌ನ ಒಳಗಿನ ನಿರೋಧಕ ಪುಡಿ ತೇವ ಹೀರಿ ಕರೆಂಟು ಸೋರುವುದುಂಟು, ಆಗ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನಾಗಿ ಆರುವ ಸುರಕ್ಷಾ ಸ್ವಿಚ್, ಬೀಳುತ್ತದೆ. ಅದು ನಿಮ್ಮ ಜೀವ ಕಾಯಲು ಬಿದ್ದಿರುವುದು. ಮತ್ತೆ ಮತ್ತೆ ಎತ್ತಿ ಹಾಕುವುದಾಗಲಿ, ಅದನ್ನು ತಪ್ಪಿಸಿ ತಂತಿ ಜೋಡಿಸುವುದಾಗಲಿ ಕೂಡದು. ಪ್ಲಗ್ಗು ಕೈಗೆ ಸುಡುತ್ತಿದ್ದರೆ, ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ, ಓಟಿಜಿಯ ಮೈ ಮುಟ್ಟಿದಾಗ ಜುಮ್ಮೆಂದರೆ, ಮುಖ್ಯ ಸ್ವಿಚ್ ಆರಿಸಿ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಇಲ್ಲಿಂದ ಮುಂದೆ ನಾವು ಕೈಹಾಕುವ ಕೆಲಸವಲ್ಲ.

ತಿಂದ ಮೇಲೆ ಬಾಯಿ ತುರಿಕೆ, ಹೊಟ್ಟೆ ನೋವು

ಇದನ್ನು ಅಡುಗೆಯ ದೋಷವೆಂದು ಸುಮ್ಮನಿರಬೇಡಿ. ತುಟಿ ಅಥವಾ ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಮಹಾರಾಷ್ಟ್ರ ಮತ್ತು ಗೋವಾ ಎರಡರಲ್ಲೂ ಆಂಬುಲೆನ್ಸಿಗೆ ಅದೇ ಸಂಖ್ಯೆ. ತುರಿಕೆ ಅಲ್ಪವೇ ಆಗಿದ್ದರೂ ವೈದ್ಯರು ನೋಡುವವರೆಗೆ ಆ ಬಿಸ್ಕತ್ತನ್ನು ಮತ್ತೆ ಕೊಡಬೇಡಿ. ಮೊದಲ ಅನುಮಾನ ಶೇಂಗಾ ಮತ್ತು ಗೋಡಂಬಿಯ ಮೇಲಿರಲಿ.

ಹಾಲು ಒಗ್ಗದವರಿಗೆ ತೊಂದರೆಯಾಗಿದ್ದರೆ ಪೊಟ್ಟಣಗಳನ್ನು ಓದಿ. ಹಸಿರು ಚುಕ್ಕೆ ಸಸ್ಯಾಹಾರವೆಂದು ಮಾತ್ರ ಹೇಳುತ್ತದೆ, ಹಾಲಿಲ್ಲ ಎಂದು ಹೇಳುವುದಿಲ್ಲ. ಕಪ್ಪು ಚಾಕೊಲೇಟಿನಲ್ಲೂ ಹಾಲಿನ ಪುಡಿ ಇರಬಹುದು. ಪ್ರಾಣಿಮೂಲದ್ದು ಯಾವುದೂ ಇಲ್ಲದ ವೀಗನ್ ಆಹಾರಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2022ರ ನಿಯಮಗಳಲ್ಲಿ ಬೇರೆಯೇ ಗುರುತು ಕೊಟ್ಟಿದೆ. ಗೋಧಿಯ ಗ್ಲುಟೆನ್ ಆಗದವರಿಗೆ ಸಾಮಾನ್ಯ ಓಟ್ಸ್ ಸಲ್ಲದು, ಗಿರಣಿಯಲ್ಲಿ ಗೋಧಿ ಬೆರೆತಿರಬಹುದು. ಗ್ಲುಟೆನ್ ರಹಿತ ಎಂದು ಮುದ್ರಿಸಿದ್ದು, ಅಂದರೆ ಕಿಲೋಗೆ 20 ಮಿಲಿಗ್ರಾಂ ಮೀರದ್ದು ಬೇಕು. ಸಕ್ಕರೆ ಕಾಯಿಲೆಯವರಿಗೆ ಕೊಡುವಾಗ ಇದಕ್ಕೆ ಸಕ್ಕರೆ ಹಾಕಿಲ್ಲವೆಂದರೂ ಮಾಗಿದ ಹಣ್ಣಿನ ಸಕ್ಕರೆ ಇದೆ ಎಂಬುದನ್ನು ತಿಳಿಸಿ, ಒಂದೋ ಎರಡೋ ಕೊಡಿ. ನಾನು ನೆರೆಮನೆಗೆ ಡಬ್ಬಿ ಕಳುಹಿಸುವಾಗ ಒಳಗಿರುವುದೆಲ್ಲವನ್ನೂ ಚೀಟಿಯಲ್ಲಿ ಬರೆದು ಮುಚ್ಚಳಕ್ಕೆ ಅಂಟಿಸುತ್ತೇನೆ. ಶೇಂಗಾ ಎಂಬ ಪದವನ್ನು ಕೆಂಪು ಶಾಯಿಯಲ್ಲಿ, ಕನ್ನಡದಲ್ಲೂ ಮರಾಠಿಯಲ್ಲೂ.